ಆನೆ ಸಣ್ಣದು, ಇಲಿ ದೊಡ್ಡದು

ಅಮೆರಿಕಕ್ಕೆ ಬರುವ ಅಪ್ಪ-ಅಮ್ಮಂದಿರಿಗೆ ಏನೇನು ತೋರಿಸಬೇಕು ಎನ್ನುವುದಕ್ಕೆ ಇಲ್ಲಿನ ಕನ್ನಡಿಗರ ನಡುವೆ ಒಂದು ಅಲಿಖಿತ ಪಠ್ಯಕ್ರಮವಿದೆ. ಮೊದಲ ಸಲ ಬಂದವರಿಗೆ ನಯಾಗರಾ, ಲಿಬರ್ಟಿ ಪ್ರತಿಮೆ, ಡಿಸ್ನಿಲ್ಯಾಂಡ್. ಎರಡನೇ ಸಲಕ್ಕೆ ಗ್ರ್ಯಾಂಡ್ ಕ್ಯಾನಿಯನ್, ಲಾಸ್ ವೇಗಸ್. ಮೂರನೇ ಸಲ ಬಂದವರಿಗೆ ಕಾಸ್ಟ್‌ಕೊ. ನಮ್ಮಂತೆ ಲಾಸ್ ಏಂಜಲೀಸ್ ಕಡೆ ಮನೆ ಮಾಡಿಕೊಂಡವರಿಗೆ ಇವುಗಳ ನಡುನಡುವೆ ಮಲಿಬು ಬೆಟ್ಟದ ವೆಂಕಟರಮಣನ ಗುಡಿಯೂ ಇದೆ. ಹೋಗುವುದು ದರ್ಶನಕ್ಕೆಂದು ಹೇಳುತ್ತೇವೆ, ಬೇಗ ಹೊರಡುವುದು ಮಾತ್ರ ಪುಳಿಯೋಗರೆ ಮುಗಿದುಹೋದೀತೆಂದು.

ನಮ್ಮ ಮಾವನವರು ಈ ಪಠ್ಯಕ್ರಮವನ್ನು ಪೂರ್ತಿ ಮುಗಿಸಿ, ಕಾಸ್ಟ್‌ಕೊದಲ್ಲಿ ಸ್ನಾತಕೋತ್ತರ ಹಂತ ತಲುಪಿದ್ದರು. ಈ ಸಲ ಬಂದವರು ಜೆಟ್ ಲ್ಯಾಗ್ ಕಳೆಯುತ್ತಲೇ, "ಇನ್ನೇನಮ್ಮಾ ಉಳಿದಿದೆ ನಿಮ್ಮ ಅಮೆರಿಕದಲ್ಲಿ?" ಎಂದು ಮಗಳನ್ನು ಕೇಳಿದರು. ಕಡತಕ್ಕೆ ರುಜು ಹಾಕಿ 'ನೆಕ್ಸ್ಟ್' ಎನ್ನುವ ಅಧಿಕಾರಿಯ ಠೀವಿ ಆ ಧ್ವನಿಯಲ್ಲಿತ್ತು.

ಉತ್ತರ ಕೊಟ್ಟದ್ದು ನನ್ನ ಹೆಂಡತಿಯಲ್ಲ, ಹನ್ನೆರಡು ವರ್ಷದ ಮಗಳು. ಬೇಸಿಗೆ ಶಿಬಿರದಲ್ಲಿ ಹಾಯಿದೋಣಿ ನಡೆಸುವುದನ್ನು ಕಲಿತ ಮೇಲೆ ಅವಳಿಗೆ ನೆಲದ ಮೇಲಿನ ಪ್ರವಾಸಗಳೆಲ್ಲ ಸಪ್ಪೆ. "ತಾತ, ಸೇಲ್‌ಬೋಟ್‌ನಲ್ಲಿ ಚಾನೆಲ್ ಐಲ್ಯಾಂಡ್ಸ್‌ಗೆ ಹೋಗೋಣ" ಎಂದಳು.

ಆಕಾಶ ತಿಳಿಯಾಗಿರುವ ದಿನ ವೆಂಚುರಾ ತೀರದಲ್ಲಿ ನಿಂತರೆ ಆ ದ್ವೀಪಗಳಲ್ಲಿ ಕೆಲವು ಕಣ್ಣಿಗೇ ಕಾಣುತ್ತವೆ. ಅನಕಾಪಾ, ಸಾಂಟಾ ಕ್ರೂಜ್, ಸಾಂಟಾ ರೋಸಾ, ಸ್ಯಾನ್ ಮಿಗೆಲ್, ಸಾಂಟಾ ಬಾರ್ಬರಾ: ಈ ಐದನ್ನು ಸೇರಿಸಿ 1980ರಲ್ಲಿ ರಾಷ್ಟ್ರೀಯ ಉದ್ಯಾನ ಮಾಡಿದರು, ಅದೇ ವರ್ಷ ಸುತ್ತಲಿನ ಕಡಲನ್ನೂ ಸಂರಕ್ಷಿತವೆಂದು ಸಾರಿದರು. ಅಲ್ಲಿಗೆ ಸೇತುವೆಯಿಲ್ಲ. ಅಲ್ಲಿ ಹೋಟೆಲಿಲ್ಲ, ಅಂಗಡಿಯಿಲ್ಲ, ಕಸದ ಬುಟ್ಟಿ ಕೂಡ ಇಲ್ಲ. ಒಯ್ದದ್ದನ್ನೆಲ್ಲ ಸಿಪ್ಪೆ ಸಮೇತ ವಾಪಸು ತರಬೇಕು. ಪ್ರವೇಶ ಶುಲ್ಕವೂ ಇಲ್ಲ.

"ಟಿಕೆಟ್ ಇಲ್ಲ ಅಂದ್ರೆ ನೋಡೋಕೆ ಏನೂ ಇಲ್ಲ ಅಂತ ಅರ್ಥ" ಎಂದರು ಮಾವ.

ಅವರ ಮನಸ್ಸು ಬದಲಿಸಿದ್ದು ಹೈಸ್ಕೂಲಿನಲ್ಲಿರುವ ನನ್ನ ಮಗ. ಅಲ್ಲಿ ಆನೆ ಇತ್ತು ಎಂದ. ಆನೆಯೆಂದರೆ ಅದರ ದೊಡ್ಡಪ್ಪ, ಮ್ಯಾಮತ್. ಹಿಮಯುಗದಲ್ಲಿ ಕಡಲು ತಗ್ಗಿದ್ದಾಗ ಹದಿನಾಲ್ಕು ಅಡಿ ಎತ್ತರದ ಮ್ಯಾಮತ್‌ಗಳು ಸೊಂಡಿಲೆತ್ತಿಕೊಂಡು ದ್ವೀಪಕ್ಕೆ ಈಜಿದವು. ಅಲ್ಲಿ ಮೇವು ಕಡಿಮೆ, ಜಾಗ ಕಡಿಮೆ, ಓಡಿಸಿಕೊಂಡು ಬರುವ ಸಿಂಹ-ಹುಲಿಗಳೂ ಇಲ್ಲ. ತಲೆಮಾರಿನಿಂದ ತಲೆಮಾರಿಗೆ ಕುಗ್ಗುತ್ತ ಬಂದು ಕೊನೆಗೆ ಆಳೆತ್ತರಕ್ಕೆ ಇಳಿದವು. 1994ರಲ್ಲಿ ಸಾಂಟಾ ರೋಸಾದಲ್ಲಿ ಅಂಥದೊಂದು ಗಿಡ್ಡ ಮ್ಯಾಮತ್‌ನ ಅಸ್ಥಿಪಂಜರ ಹೆಚ್ಚುಕಡಿಮೆ ಇಡಿಯಾಗಿ ಸಿಕ್ಕಿತು. ಅದೇ ದ್ವೀಪಗಳಲ್ಲಿ ಇಲಿ ಮಾತ್ರ ಬೆಳೆದು ದೈತ್ಯ ಇಲಿಯಾಯಿತು. ದೊಡ್ಡವು ಚಿಕ್ಕವಾಗುತ್ತವೆ, ಚಿಕ್ಕವು ದೊಡ್ಡವಾಗುತ್ತವೆ: 1964ರಲ್ಲಿ ಫಾಸ್ಟರ್ ಎಂಬ ಜೀವವಿಜ್ಞಾನಿ ಗುರುತಿಸಿದ ಈ ಸಂಗತಿಗೆ ದ್ವೀಪದ ನಿಯಮ ಎಂದು ಹೆಸರು.

ಮಗ ಇದನ್ನು ಪರೀಕ್ಷೆಗೆ ಓದಿದ್ದ. ನಾನು ಕೇಳುತ್ತಿದ್ದ ಹಾಗೇ ನಮ್ಮ ಮನೆಯ ಸೋಫಾದ ಕಡೆ ನೋಡಿದೆ. ಫಾಸ್ಟರ್ ಮಹಾಶಯ ಇಷ್ಟು ದೂರ ಹೋಗಿ ಮೂಳೆ ಅಳೆಯುವ ಬದಲು ಹೊರನಾಡಿನ ಯಾವ ಕನ್ನಡಿಗರ ಮನೆಗೆ ಬಂದಿದ್ದರೂ ಒಂದೇ ಸಂಜೆಯಲ್ಲಿ ಕೆಲಸ ಮುಗಿಯುತ್ತಿತ್ತು.

ಮಾವನವರನ್ನೇ ನೋಡಿ. ಮಂಡ್ಯದಲ್ಲಿ ಅವರು ನೀರಾವರಿ ಇಲಾಖೆಯ ನಿವೃತ್ತ ಎಕ್ಸಿಕ್ಯುಟಿವ್ ಎಂಜಿನಿಯರ್. ಜೀಪು ಇತ್ತು, ಡ್ರೈವರ್ ಇದ್ದ, ಬಾಗಿಲಲ್ಲಿ ಅರ್ಜಿ ಹಿಡಿದ ರೈತರಿದ್ದರು. ನಿವೃತ್ತರಾದ ಮೇಲೂ ಬೀದಿಯ ಹೋಟೆಲಿನವನು ಎದ್ದು ನಿಲ್ಲುತ್ತಾನೆ. ಇಲ್ಲಿ ಅವರಿಗೆ ಕಾರು ಓಡಿಸುವ ಲೈಸೆನ್ಸ್ ಇಲ್ಲ. ಒಂದು ಕಟ್ಟು ಕೊತ್ತಂಬರಿ ಬೇಕೆಂದರೂ ಮಗಳ ಮುಂದೆ ಅರ್ಜಿ ಹಿಡಿಯಬೇಕು. ಇನ್ನು ನಾನು. ಮಂಡ್ಯದ ಆ ಮನೆಯಲ್ಲಿ ನಾನು ಅಳಿಯ. ಹೋಳಿಗೆಗೆ ತುಪ್ಪ ಬಡಿಸುವವರು ಕೈ ತಡೆದರೂ ನಿಲ್ಲಿಸುತ್ತಿರಲಿಲ್ಲ. ಇಲ್ಲಿ ಅದೇ ಅತ್ತೆ-ಮಾವ ಊಟದ ಮೇಜಿನಲ್ಲಿ ಕೂತಿರುವಾಗ ನಾನು ಡಿಶ್‌ವಾಶರ್‌ಗೆ ತಟ್ಟೆ ಜೋಡಿಸುತ್ತೇನೆ. ಅವರು ಆ ದೃಶ್ಯವನ್ನು ನೋಡಿಯೂ ನೋಡದಂತೆ ಗೋಡೆಯ ಕ್ಯಾಲೆಂಡರ್ ಓದುತ್ತಾರೆ. ಮ್ಯಾಟಿನಿ ಷೋಗೆ ಅಪ್ಪನ ಅನುಮತಿ ಬೇಕಿದ್ದ ನನ್ನ ಹೆಂಡತಿ ಈಗ ಅದೇ ಅಪ್ಪನ ವೀಸಾ, ಇನ್ಶೂರೆನ್ಸ್, ಬಿ.ಪಿ. ಮಾತ್ರೆ ಮೂರನ್ನೂ ನಿಭಾಯಿಸುವ ಸಕ್ಷಮ ಪ್ರಾಧಿಕಾರ. ಮಕ್ಕಳಂತೂ ಅಕ್ಷರಶಃ ಬೆಳೆದಿವೆ. ಮಗನ ಹತ್ತಿರ ಮಾತಾಡಬೇಕಾದರೆ ಮಾವ ಕತ್ತೆತ್ತಬೇಕು.

ಅತ್ತೆಯವರನ್ನು ಮಾತ್ರ ಈ ಲೆಕ್ಕಕ್ಕೆ ಯಾರೂ ಹಿಡಿದಿರಲಿಲ್ಲ. ಮಂಡ್ಯದಲ್ಲಿ ಎಷ್ಟಿದ್ದರೋ ಇಲ್ಲೂ ಅಷ್ಟೇ: ಮಾವನ ಹಿಂದೆ ಎರಡು ಹೆಜ್ಜೆ, ಕೈಯಲ್ಲೊಂದು ಚೀಲ.

"ಕಡಲಲ್ಲಿ ತಲೆ ಸುತ್ತುತ್ತೆ, ಮಾತ್ರೆ ತಗೊಳ್ಳಬೇಕು" ಎಂದು ಹೆಂಡತಿ ಹೇಳಿದಾಗ ಮಾವ ನಕ್ಕರು. "ನೀರಿನ ವಿಷಯ ನನಗೆ ಹೇಳಿಕೊಡಬೇಡಮ್ಮ. ನನ್ನ ಸರ್ವೀಸೆಲ್ಲ ನೀರಲ್ಲೇ ಹೋಗಿದೆ." ಅದು ಸುಳ್ಳೇನಲ್ಲ. ಆದರೆ ಅದು ವಿಶ್ವೇಶ್ವರಯ್ಯ ನಾಲೆಯ ನೀರು, ಗೇಟು ಎತ್ತಿದರೆ ಹರಿದು ಇಳಿಸಿದರೆ ನಿಲ್ಲುವ ಶಿಸ್ತಿನ ನೀರು. ಪೆಸಿಫಿಕ್ ಸಾಗರ ಯಾವ ಇಲಾಖೆಯ ಅಧೀನದಲ್ಲೂ ಇಲ್ಲ. ಕಿವಿಯ ಹಿಂದೆ ಅಂಟಿಸಿಕೊಳ್ಳುವ ಔಷಧದ ಪಟ್ಟಿ ತೋರಿಸಿದ್ದಕ್ಕೆ, "ಸ್ಟಿಕ್ಕರ್ ಅಂಟಿಸೋಕೆ ನಾನೇನು ಸೂಟ್‌ಕೇಸೇ?" ಎಂದರು.

ಲೇಬರ್ ಡೇ ರಜೆ ಸೇರಿಸಿಕೊಂಡು ಆಕ್ಸ್‌ನಾರ್ಡ್‌ನ ಬಂದರಿನಿಂದ ನಲವತ್ತು ಅಡಿಯ ಹಾಯಿದೋಣಿಯೊಂದನ್ನು ಕ್ಯಾಪ್ಟನ್ ಸಮೇತ ಬಾಡಿಗೆಗೆ ಹಿಡಿದೆವು. ಬಿಳಿ ಗಡ್ಡದ, ಮಿತಭಾಷಿಯಾದ ಆ ಮನುಷ್ಯ ಹಿಂದೆ ಮೀನುಗಾರಿಕೆ ದೋಣಿಗಳಲ್ಲಿ ದುಡಿದವನು. ಹೊರಡುವ ಹೊತ್ತಿನ ಬಗ್ಗೆ ಜಗಳವಾದೀತೆಂದು ನಾನು ಅಂಜಿದ್ದೆ. ಮಾವ ಪಂಚಾಂಗ ನೋಡಿ, ಶನಿವಾರ ಒಂಬತ್ತರಿಂದ ಹತ್ತೂವರೆ ರಾಹುಕಾಲ, ಅದಕ್ಕೆ ಮೊದಲೇ ಹೊರಡಬೇಕು ಎಂದರು. ಕ್ಯಾಪ್ಟನ್ ಹವಾಮಾನ ವರದಿ ನೋಡಿ, ಮಧ್ಯಾಹ್ನದ ಮೇಲೆ ತೀರಕ್ಕೂ ದ್ವೀಪಗಳಿಗೂ ನಡುವಿನ ಚಾನೆಲಿನಲ್ಲಿ ಗಾಳಿ ಏರುತ್ತದೆ, ಎಂಟಕ್ಕೇ ಹೊರಡಬೇಕು ಎಂದ. ಇಬ್ಬರೂ ತಮ್ಮ ಶಾಸ್ತ್ರವೇ ಗೆದ್ದಿತೆಂದು ಮೀಸೆ ತಿರುವಿದರು.

ತೊಡಕು ಬಂದದ್ದು ಸಾಮಾನಿನಲ್ಲಿ. ಕನ್ನಡಿಗರ ಪ್ರಯಾಣವೆಂದರೆ ಹಗ್ಗ ಬಿಗಿದ ರಟ್ಟಿನ ಪೆಟ್ಟಿಗೆ. ಈ ದ್ವೀಪಗಳಿಗೆ ರಟ್ಟಿನ ಪೆಟ್ಟಿಗೆ ನಿಷಿದ್ಧ, ಅದರ ಮಡಿಕೆಗಳಲ್ಲಿ ಇರುವೆ, ಹುಳ, ಬೀಜ ಕೂತು ಬರುತ್ತವೆಂದು. ಗಿಡ, ಮಣ್ಣು ಯಾವುದನ್ನೂ ಒಯ್ಯುವಂತಿಲ್ಲ, ಬೂಟಿನ ತಳವನ್ನೂ ತೊಳೆದಿರಬೇಕು. ಬಂದರಿನ ಕಟ್ಟೆಯ ಮೇಲೆ ಕೂತು ಅವಲಕ್ಕಿ, ಚಟ್ನಿಪುಡಿ, ಕೋಡುಬಳೆ, ಚಕ್ಕುಲಿ, ಮೆಂತ್ಯದ ಹಿಟ್ಟುಗಳನ್ನೆಲ್ಲ ಸ್ಟೀಲಿನ ಡಬ್ಬಿಗಳಿಗೆ ತುಂಬಿದೆವು. ಆಗ ಕ್ಯಾಪ್ಟನ್ ಕಣ್ಣಿಗೆ ಪೂಜೆಗೆಂದು ತಂದ ಬಾಳೆಹಣ್ಣಿನ ಚಿಪ್ಪು ಬಿತ್ತು. ಆತನ ಮುಖ ಬಿಳಿಚಿತು. ದೋಣಿಯಲ್ಲಿ ಬಾಳೆಹಣ್ಣು ಇದ್ದರೆ ಕೇಡು ಎನ್ನುವುದು ಅವರ ಕಡೆಯ ಮೀನುಗಾರರ ಹಳೆಯ ನಂಬಿಕೆ. "ಬಾಳೆಹಣ್ಣು ಏರಿದರೆ ನಾನು ಇಳಿದೆ" ಎಂದ.

ಹೆಂಡತಿ ಇದನ್ನು ತನ್ನ ಅಮ್ಮನಿಗೆ ಹೇಳಿದಳು. ಅತ್ತೆಯವರ ಮುಖ ಅರಳಿತು. "ಶಕುನ ನೋಡುವವನಾ? ಹಾಗಾದರೆ ಒಳ್ಳೆಯವನೇ. ಧೈರ್ಯವಾಗಿ ಹೋಗಬಹುದು" ಎಂದರು. ಇಡೀ ಚಿಪ್ಪನ್ನು ನಾವಾರು ಜನ, ಜೊತೆಗೆ ಪಕ್ಕದ ದೋಣಿಯವರೂ ಸೇರಿ ಕಟ್ಟೆಯ ಮೇಲೇ ಖಾಲಿ ಮಾಡಿದೆವು.

ಉಳಿದದ್ದು ತೆಂಗಿನಕಾಯಿ. ಹೊಸ ಪ್ರಯಾಣ, ಕಾಯಿ ಒಡೆಯದೆ ಹೊರಡುವುದುಂಟೆ? ಸಂರಕ್ಷಿತ ಕಡಲಿಗೆ ಏನನ್ನೂ ಎಸೆಯುವಂತಿಲ್ಲ, ಫೈಬರ್‌ಗ್ಲಾಸ್ ಡೆಕ್ಕಿನ ಮೇಲೆ ಕುಟ್ಟುವಂತಿಲ್ಲ. ನಾವು ಚರ್ಚಿಸುತ್ತಿರುವಾಗಲೇ ಅತ್ತೆಯವರು ಹಗ್ಗ ಬಿಗಿಯುವ ಚಕ್ರದಿಂದ ಮೊಳದುದ್ದದ ಉಕ್ಕಿನ ಹಿಡಿಯನ್ನು ಎಳೆದುಕೊಂಡರು. ಎಡ ಅಂಗೈಯಲ್ಲಿ ಕಾಯಿ ಹಿಡಿದು, ಜುಟ್ಟು ತಮ್ಮ ಕಡೆಗೆ ತಿರುಗಿಸಿ, ನಡುಮಟ್ಟಕ್ಕೆ ಒಂದು ಪೆಟ್ಟು, ಕಾಯಿಯನ್ನು ಅರ್ಧ ಸುತ್ತು ತಿರುಗಿಸಿ ಇನ್ನೊಂದು ಪೆಟ್ಟು. ಕಣ್ಣು ಮುಚ್ಚಿಕೊಂಡಿದ್ದ ಕ್ಯಾಪ್ಟನ್ ತೆರೆದು ನೋಡುವಾಗ ಎರಡು ಸಮಭಾಗದ ಹೋಳುಗಳಿದ್ದವು, ಕಾಯಿಯ ನೀರು ಲೋಟದಲ್ಲಿತ್ತು, ಡೆಕ್ಕಿನ ಮೇಲೆ ಒಂದು ಹನಿಯಿರಲಿಲ್ಲ. ಆತ ಅವರನ್ನು ಅಡಿಯಿಂದ ಮುಡಿಯವರೆಗೆ ಹೊಸದಾಗಿ ನೋಡಿದ. ನಾವೂ ನೋಡಿದೆವು.

ತಡೆಗೋಡೆ ದಾಟಿದ್ದೇ ತಡ, ಪೆಸಿಫಿಕ್ ತನ್ನ ಗುಣ ತೋರಿಸಿತು. ಅಲೆ ಎತ್ತುವಾಗ ಹೊಟ್ಟೆ ಕೆಳಗೆ ಉಳಿಯುತ್ತದೆ, ಇಳಿಸುವಾಗ ಗಂಟಲಿಗೆ ಬರುತ್ತದೆ. ದ್ವೀಪದ ನಿಯಮ ಕೆಲಸ ಮಾಡಲು ದ್ವೀಪದವರೆಗೆ ಹೋಗಬೇಕಾಗಿಯೇ ಇರಲಿಲ್ಲ, ನಲವತ್ತು ಅಡಿಯ ದೋಣಿಯೇ ಸಾಕಾಯಿತು. ಆರಡಿ ಎತ್ತರದ ಮಗ ಮೊದಲು ಮಡಿಚಿಕೊಂಡ. ಆಮೇಲೆ ನಾನು. ಸಾಫ್ಟ್‌ವೇರ್ ಆರ್ಕಿಟೆಕ್ಟ್ ಎಂಬ ಹುದ್ದೆ ಬಕೆಟ್ಟಿನ ಮುಂದೆ ಕವಡೆ ಕಿಮ್ಮತ್ತಿನದು. ಮಾವ ಕೊನೆಯವರೆಗೂ ಸೆಟೆದು ಕೂತಿದ್ದರು. ಅಧಿಕಾರಿ ವಾಂತಿ ಮಾಡುವಾಗಲೂ ಅಧಿಕಾರಿಯೇ. "ಎಲ್ಲರೂ ಸ್ವಲ್ಪ ಆ ಕಡೆ ನೋಡಿ" ಎಂದು ಆದೇಶಿಸಿ, ಮಂಕಿ ಕ್ಯಾಪು ಸರಿಪಡಿಸಿಕೊಂಡು ಅಂಚಿಗೆ ಬಾಗಿದರು. ಚುಕ್ಕಾಣಿ ಹಿಡಿದಿದ್ದ ಮಗಳು ಕಿರುಚಿದಳು: "ತಾತ, ಗಾಳಿ ಬರೋ ಕಡೆ ಅಲ್ಲ! ಆ ಕಡೆ, ಆ ಕಡೆ!" ಮಂಡ್ಯದಲ್ಲಿ ಯಾರೂ ಅವರಿಗೆ ಹಾಗೆ ಹೇಳಿದ್ದಿಲ್ಲ. ಅವರು ಎಡದಿಂದ ಬಲಕ್ಕೆ ಮೌನವಾಗಿ ವರ್ಗವಾದರು.

ಇಷ್ಟರಲ್ಲಿ ಅತ್ತೆಯವರು ಸೀರೆಯ ಸೆರಗನ್ನು ಲೈಫ್ ಜಾಕೆಟ್ಟಿನೊಳಗೆ ಸಿಕ್ಕಿಸಿ, ಮೊಮ್ಮಗಳ ಪಕ್ಕ ನಿಂತಿದ್ದರು. ಅಲೆಗೆ ತಕ್ಕ ಹಾಗೆ ಮೊಣಕಾಲು ತಾನಾಗಿ ಸಡಿಲಾಗುತ್ತಿತ್ತು, ಬಿಗಿಯಾಗುತ್ತಿತ್ತು. ಅವರ ತವರು ಗಂಗೊಳ್ಳಿ ಎನ್ನುವುದು ನನಗೆ ಗೊತ್ತಿತ್ತು, ಲಗ್ನಪತ್ರಿಕೆಯಲ್ಲಿ ಓದಿದ ಹಾಗೆ. ದೋಣಿಯಲ್ಲಿ ಹೊಳೆ ದಾಟಿ ಕುಂದಾಪುರದ ಕಾಲೇಜಿಗೆ ಹೋಗಿಬರುತ್ತಿದ್ದ ಹುಡುಗಿ, ಮದುವೆಯಾಗಿ ಮಂಡ್ಯದ ಕಬ್ಬಿನ ಗದ್ದೆಗಳ ನಡುವೆ ಇಡೀ ಸಂಸಾರ ಮಾಡಿ, ಮಂಡ್ಯದ ಮಾತನ್ನೇ ಆಡುತ್ತ ಬಂದವರು. ಉಪ್ಪುಗಾಳಿ ಮುಖಕ್ಕೆ ಹೊಡೆದದ್ದೇ ಅವರ ಬಾಯಲ್ಲಿ ತವರು ಮರಳಿತು.

"ಹ್ವಾಯ್!" ಎಂದು ಗಂಡನನ್ನು ಕರೆದರು. "ಕೆಳಗ್ ಕಾಂಬುಕಾಗ. ದೂರ ಕಾಣಿ, ದೂರ!"

ದೂರ ಕಾಣುತ್ತಿದ್ದದ್ದು ಕಂಟೇನರ್ ಹಡಗು. ಲಾಸ್ ಏಂಜಲೀಸಿನ ಬಂದರಿಗೆ ಹೋಗುವ ಹಡಗುಗಳ ಹೆದ್ದಾರಿ ಈ ಚಾನೆಲಿನಲ್ಲೇ ಹಾದುಹೋಗುತ್ತದೆ. ನಮ್ಮ ಇಂಡಿಯನ್ ಸ್ಟೋರಿನ ಸೋನಾ ಮಸೂರಿ ಅದರಲ್ಲೇ ಇದ್ದರೂ ಇದ್ದೀತು. ಬೇಸಿಗೆಯಲ್ಲಿ ಮೇವಿಗೆ ಬರುವ ನೀಲಿ ತಿಮಿಂಗಿಲಗಳಿಗೆ ಡಿಕ್ಕಿಯಾಗಬಾರದೆಂದು ಈ ಹಡಗುಗಳಿಗೆ 10 ನಾಟ್ ಮೀರದೆ ಸಾಗಿ ಎಂದು ಕೋರಿಕೆಯಿದೆ ಎಂದು ಕ್ಯಾಪ್ಟನ್ ವಿವರಿಸಿದ. ಮಾವ ಮಲಗಿದ್ದಲ್ಲಿಂದಲೇ ಒಂದು ಕಣ್ಣು ತೆರೆದರು. "ತಿಮಿಂಗಿಲಕ್ಕೂ ರೋಡ್ ಹಂಪೇ? ಅದಕ್ಕೂ ಯಾರೋ ಮನವಿ ಕೊಟ್ಟಿರಬೇಕು."

ಅತ್ತೆಯವರು ಎಲ್ಲರಿಗೂ ಒಣ ಮಂಡಕ್ಕಿ ಹಂಚಿದರು, ಖಾಲಿ ಹೊಟ್ಟೆಯಲ್ಲಿರಬಾರದೆಂದು. ಶುಂಠಿ ಚೂರು ದವಡೆಗೆ ಇಡಿಸಿದರು. ಅನಕಾಪಾದ ಪೂರ್ವ ತುದಿಯ ಕಲ್ಲಿನ ಕಮಾನು ಕಾಣಿಸುವ ಹೊತ್ತಿಗೆ ನಾವೆಲ್ಲ ಎದ್ದು ಕೂತಿದ್ದೆವು. ನಲವತ್ತು ಅಡಿ ಎತ್ತರದ ಆ ಕಮಾನಿನ ಆಚೆ, ದ್ವೀಪದ ಮೇಲೆ 1932ರ ದೀಪಸ್ತಂಭ. ದ್ವೀಪದ ತುಂಬ ಕಡಲಕ್ಕಿಗಳು, ಅವುಗಳ ವಾಸನೆ ನಮಗಿಂತ ಮೊದಲೇ ದೋಣಿ ಹತ್ತಿತು. ಇದೇ ಬಂಡೆಗಳಿಗೆ 1853ರ ಡಿಸೆಂಬರಿನಲ್ಲಿ ವಿನ್‌ಫೀಲ್ಡ್ ಸ್ಕಾಟ್ ಎಂಬ ಹಬೆಹಡಗು ಮಂಜಿನಲ್ಲಿ ಬಡಿಯಿತು. ಕ್ಯಾಲಿಫೋರ್ನಿಯಾಕ್ಕೆ ಬಂಗಾರ ಹುಡುಕಲು ಬಂದು, ಸಿಕ್ಕಷ್ಟು ಕಟ್ಟಿಕೊಂಡು ಊರಿಗೆ ಮರಳುತ್ತಿದ್ದವರು ಅದರಲ್ಲಿದ್ದರು. ಪ್ರಯಾಣಿಕರೆಲ್ಲ ಬದುಕಿಕೊಂಡರು.

"ಆಗಿನ ಎನ್‌ಆರ್‌ಐಗಳು" ಎಂದ ಮಗ.

"ಲಗೇಜು ಜಾಸ್ತಿ ಆಗಿರಬೇಕು" ಎಂದರು ಮಾವ. 23 ಕೆ.ಜಿ. ಮಿತಿಗಾಗಿ ಏರ್‌ಪೋರ್ಟಿನಲ್ಲಿ ಸೂಟ್‌ಕೇಸ್ ಬಿಚ್ಚಿ ಉಪ್ಪಿನಕಾಯಿ ಹೊರತೆಗೆದವರ ಅನುಭವದ ಮಾತು ಅದು.

ಮಧ್ಯಾಹ್ನ ಸಾಂಟಾ ಕ್ರೂಜ್ ದ್ವೀಪದ ಸ್ಕಾರ್ಪಿಯನ್ ಆಂಕರೇಜಿನಲ್ಲಿ ಲಂಗರು ಬಿತ್ತು. ದೋಣಿ ನಿಂತ ಮೇಲೆ ಸಂಸಾರ ಶುರುವಾಯಿತು. ಕ್ಯಾಪ್ಟನ್ ಎರಡು ವಿಷಯ ಹೇಳಿದ. ಒಂದು, ಟ್ಯಾಂಕಿನ ಸಿಹಿನೀರು ಮುಗಿದರೆ ಮುಗಿಯಿತು. ಇನ್ನೊಂದು, ಶೌಚಾಲಯದ ಕೊಳವೆಗೆ ಹೊಟ್ಟೆಯ ಮೂಲಕ ಬಂದದ್ದನ್ನು ಬಿಟ್ಟು ಬೇರೇನೂ ಹೋಗಬಾರದು. ಹೋದದ್ದು ಕಡಲಿಗೂ ಹೋಗಬಾರದು, ತೊಟ್ಟಿಯಲ್ಲೇ ಕೂಡಿಟ್ಟು ಬಂದರಿನಲ್ಲಿ ಖಾಲಿ ಮಾಡಿಸಬೇಕು. ಪ್ರತಿ ಸಲವೂ ಕೀಲಿ ಒಂದು ಕಡೆ ತಿರುಗಿಸಿ ಕೈಪಂಪು ಒತ್ತಬೇಕು, ಇನ್ನೊಂದು ಕಡೆ ತಿರುಗಿಸಿ ಮತ್ತೆ ಒತ್ತಬೇಕು. ಈ ಖಾತೆ ಯಾರಿಗೆ ಎಂಬ ಪ್ರಶ್ನೆ ಬಂದಾಗ ಎಲ್ಲರೂ ಏಕಕಾಲಕ್ಕೆ ಅಳಿಯನನ್ನು ನೋಡಿದರು. ತುಪ್ಪ ಹಾಕಿದ ಹೋಳಿಗೆ ತಿಂದ ಋಣ ಎಲ್ಲೆಲ್ಲಿ ತೀರಬೇಕೆಂದು ಬರೆದಿರುತ್ತದೋ ಅಲ್ಲೇ ತೀರಬೇಕು.

ಸಿಹಿನೀರಿನ ಮಾತು ಕೇಳಿದ್ದೇ ಮಾವನವರಿಗೆ ಜೀವ ಬಂತು. ಸ್ನಾನ ಮಾಡದೆ ತಿಂಡಿ ಮುಟ್ಟದ ಮನುಷ್ಯ ತಕ್ಷಣ ಕಾಗದ-ಪೆನ್ನು ತೆಗೆದು ದೋಣಿಯಲ್ಲಿ ಕಟ್ಟು ಪದ್ಧತಿ ಜಾರಿ ಮಾಡಿದರು. ಕಾವೇರಿ ನಾಲೆಗಳಲ್ಲಿ ನೀರು ಕಡಿಮೆಯಾದಾಗ ಇಷ್ಟು ದಿನ ಬಿಟ್ಟು ಇಷ್ಟು ದಿನ ನಿಲ್ಲಿಸುವ ಸರದಿ ಅದು. ಹೆಂಗಸರಿಗೆ ಬೆಳಿಗ್ಗೆ, ಮಕ್ಕಳಿಗೆ ಸಂಜೆ, ನನಗೆ ಕೊನೆಯಲ್ಲಿ. ಮೇಲ್ಭಾಗದ ರೈತರು ಎಂದಿನಂತೆ ಪಾಲಿಗಿಂತ ಹೆಚ್ಚು ಎಳೆದುಕೊಂಡರು. ನನ್ನ ಸರದಿ ಬಂದಾಗ ನಲ್ಲಿ ಗೊರಗೊರ ಎಂದಿತು. ನಾಲೆಯ ಕೊನೆ ಭಾಗದವರು ಯಾಕೆ ರಸ್ತೆಯಲ್ಲಿ ಕೂರುತ್ತಾರೆ ಎನ್ನುವುದು ಮೈಗೆ ಸೋಪು ಹಚ್ಚಿಕೊಂಡು ನಿಂತಾಗ ಚೆನ್ನಾಗಿ ಅರ್ಥವಾಗುತ್ತದೆ. ಅಹವಾಲು ಸಲ್ಲಿಸಿದೆ. "ಮುಂದಿನ ಸರದಿಯಲ್ಲಿ ಪರಿಗಣಿಸಲಾಗುವುದು" ಎಂಬ ಉತ್ತರ ಬಂತು.

ಮರುದಿನ ಬೆಳಿಗ್ಗೆ ರಬ್ಬರ್ ದೋಣಿಯಲ್ಲಿ ದಡ ಸೇರಿದೆವು. ಮಾವ ಇಳಿಯುತ್ತಿದ್ದಂತೆ ಎದುರಿಗಿದ್ದ ಮರಗಳನ್ನು ಕಂಡು ಹಳೆಯ ಸಹಪಾಠಿ ಸಿಕ್ಕವರಂತೆ ನಿಂತರು. "ನೀಲಗಿರಿ!" ಎಂದು ಹೋಗಿ ಕಾಂಡ ತಟ್ಟಿದರು. ರಾಂಚು ನಡೆಸುತ್ತಿದ್ದವರು ನೆಟ್ಟ ಆಸ್ಟ್ರೇಲಿಯಾದ ಮರ ಅದು, ಇಲ್ಲಿಯದಲ್ಲ ಎಂದಳು ಅಲ್ಲಿದ್ದ ರೇಂಜರ್. "ನಮ್ಮಲ್ಲೂ ಅದೇ ಕತೆ. 2017ರಲ್ಲಿ ಹೊಸದಾಗಿ ನೆಡೋದನ್ನೇ ನಿಲ್ಲಿಸಿದ್ರು" ಎಂದ ಮಾವ, ತಟ್ಟಿದ ಕೈಯನ್ನು ಮೆಲ್ಲನೆ ಹಿಂದಕ್ಕೆ ತೆಗೆದುಕೊಂಡರು.

ಬೆಂಚಿನ ಮೇಲೆ ಚೀಲ ಇಟ್ಟು ನಾವು ಫೋಟೋಕ್ಕೆ ನಿಂತೆವು. ಆ ದ್ವೀಪದ ದೊಡ್ಡ ಕಾಗೆಗಳು ಚೀಲದ ಜಿಪ್ಪು ಎಳೆಯಲು ಕಲಿತಿವೆ ಎಂದು ರೇಂಜರ್ ಹೇಳುವಷ್ಟರಲ್ಲಿ ಒಂದು ಕಾಗೆ ಅದನ್ನು ಪ್ರಾತ್ಯಕ್ಷಿಕೆ ಸಮೇತ ತೋರಿಸಿತು. ಕೊಕ್ಕಿನಿಂದ ಜಿಪ್ಪಿನ ನಾಲಗೆ ಹಿಡಿದು, ಹೆಜ್ಜೆ ಹೆಜ್ಜೆಯಾಗಿ ಪಕ್ಕಕ್ಕೆ ನಡೆದು ಪೂರ್ತಿ ತೆರೆಯಿತು. ಮುಚ್ಚಳ ಸರಿಯಾಗಿ ಕೂರದ ಡಬ್ಬಿಯೊಳಕ್ಕೆ ತಲೆ ಹಾಕಿ ಹೊರತೆಗೆದಾಗ ಅದರ ಕೊಕ್ಕಿಗೆ ಕೋಡುಬಳೆಯೊಂದು ಉಂಗುರದಂತೆ ತೊಡರಿತ್ತು. ಹಾಗೇ ಹಾರಿತು.

"ತಾತ, ಇಲ್ಲಿ ಪ್ರಾಣಿ-ಪಕ್ಷಿಗೆ ತಿಂಡಿ ಹಾಕೋದು ಕಾನೂನು ಪ್ರಕಾರ ಅಪರಾಧ!" ಎಂದ ಮಗ.

"ನಾನೆಲ್ಲಿ ಹಾಕಿದೆ? ಅದೇ ತಗೊಂಡು ಹೋಯ್ತು" ಎಂದ ಮಾವ, ಕಾಗೆ ಹೋದ ದಿಕ್ಕನ್ನೇ ನೋಡುತ್ತ ದನಿ ತಗ್ಗಿಸಿದರು. "ನಮ್ಮ ತಾತನಿಗೂ ಕೋಡುಬಳೆ ಅಂದ್ರೆ ಪ್ರಾಣ. ವೀಸಾ ಇಲ್ಲದೆ ಇಷ್ಟು ದೂರ ಬಂದವರೇ ಅಂತ..."

ಅದೇ ಹೊತ್ತಿಗೆ ಬೇಲಿಯ ಪಕ್ಕದಿಂದ ನರಿ ಬಂತು. ಬೆಕ್ಕಿನ ಗಾತ್ರ, ಎರಡು ಕಿಲೋ ಇದ್ದೀತು. ತೀರದ ಬೂದು ನರಿಯೇ ದ್ವೀಪಕ್ಕೆ ಬಂದು ಕುಗ್ಗಿ ಈ ತಳಿಯಾದದ್ದು. ನಮ್ಮನ್ನು ದರ್ಶನಕ್ಕೆ ಬಂದ ಭಕ್ತರಂತೆ ಒಮ್ಮೆ ನೋಡಿ ತನ್ನ ಪಾಡಿಗೆ ಹೋಯಿತು. ಅದರ ಕತೆಯನ್ನು ರೇಂಜರ್ ಹೇಳಿದಳು. ಹಿಂದೆ ಇಲ್ಲಿ ಮೀನು ತಿಂದು ಬದುಕುವ ಬೋಳುಹದ್ದು ಇತ್ತು. ಡಿಡಿಟಿ ವಿಷಕ್ಕೆ ಅದರ ಸಂತತಿ ಅಳಿಯಿತು. ರಾಂಚಿನವರು ತಂದು ಬಿಟ್ಟ ಹಂದಿಗಳು ಕಾಡುಪಾಲಾಗಿ ಹೆಚ್ಚಿದ್ದವು. ಅವುಗಳ ಮರಿಯ ಆಸೆಗೆ 1990ರ ದಶಕದಲ್ಲಿ ತೀರದಿಂದ ಹೊನ್ನಹದ್ದು ಬಂದು ನೆಲೆಸಿ, ಹಂದಿಮರಿಯ ಜೊತೆಗೆ ನರಿಗಳನ್ನೂ ಎತ್ತತೊಡಗಿತು. ಸ್ಯಾನ್ ಮಿಗೆಲ್ ಮತ್ತು ಸಾಂಟಾ ರೋಸಾಗಳಲ್ಲಿ ನರಿಗಳ ಸಂಖ್ಯೆ ತಲಾ 15ಕ್ಕೆ ಇಳಿಯಿತು. ಉಳಿದವನ್ನು ಗೂಡಿನಲ್ಲಿಟ್ಟು ಸಂತಾನ ಬೆಳೆಸಿದರು. ಹೊನ್ನಹದ್ದುಗಳನ್ನು ಹಿಡಿದು ತೀರಕ್ಕೆ ಸಾಗಿಸಿದರು, ಬೋಳುಹದ್ದನ್ನು ಮರಳಿ ತಂದರು, ಸಾಂಟಾ ಕ್ರೂಜಿನ ಐದು ಸಾವಿರಕ್ಕೂ ಹೆಚ್ಚು ಹಂದಿಗಳನ್ನು ಮುಗಿಸಿದರು. 2004ರಲ್ಲಿ ಅಪಾಯದ ಪಟ್ಟಿ ಸೇರಿದ ನರಿ 2016ರಲ್ಲಿ ಹೊರಬಂತು. ಆ ಪಟ್ಟಿಯಿಂದ ಇಷ್ಟು ಬೇಗ ಹೊರಬಂದ ಸಸ್ತನಿ ಅಮೆರಿಕದಲ್ಲಿ ಬೇರೊಂದಿಲ್ಲ.

ಮಾವ ಎಲ್ಲವನ್ನೂ ಕೇಳಿ ಒಂದು ಸಾಲಿನ ನಡಾವಳಿ ಬರೆಸುವವರಂತೆ ಹೇಳಿದರು: "ಹೊನ್ನಹದ್ದಿಗೆ ವರ್ಗಾವಣೆ, ಬೋಳುಹದ್ದಿಗೆ ಮರುನೇಮಕ, ಹಂದಿಗೆ ವಜಾ, ನರಿಗೆ ಬಡ್ತಿ. ಇದರಲ್ಲಿ ರಾಜಕೀಯ ಪ್ರಭಾವ ಬೀರೋಕೆ ಆಗದೇ ಇದ್ದವನು ಹಂದಿ ಒಬ್ಬನೇ."

"ಆದರೆ ನರಿಯೂ ಹೊರಗಿನಿಂದಲೇ ಬಂದದ್ದಲ್ವಾ?" ಎಂದು ಮಗಳು ಕೇಳಿದಳು. ಬಂದು ಸಾವಿರಾರು ವರ್ಷವಾಯಿತು, ಈಗ ಅದು ಸ್ಥಳೀಯ ಎಂದಳು ರೇಂಜರ್. ಮನುಷ್ಯರ ಕತೆಯೂ ಹಳೆಯದೇ: ಈ ದ್ವೀಪವನ್ನು ಲಿಮೂ ಎಂದು ಕರೆದ ಚುಮಾಶ್ ಜನ ಹಲಗೆ ದೋಣಿಗಳಲ್ಲಿ ಇದೇ ಚಾನೆಲನ್ನು ದಾಟುತ್ತಿದ್ದರು. ಸಾಂಟಾ ರೋಸಾದಲ್ಲಿ ಸಿಕ್ಕ ಮನುಷ್ಯನ ಮೂಳೆಗೆ ಸುಮಾರು 13,000 ವರ್ಷ. ಹಾಗಾದರೆ ಎಷ್ಟು ವರ್ಷವಿದ್ದರೆ ಒಬ್ಬ ಇಲ್ಲಿಯವನಾಗುತ್ತಾನೆ ಎಂಬುದು ಮಗನ ಪ್ರಶ್ನೆ. ಭಾರತೀಯರ ಗ್ರೀನ್ ಕಾರ್ಡ್ ಸಾಲಿನಲ್ಲಿ ನಿಂತವರನ್ನು ಕೇಳಿದರೆ 13,000 ವರ್ಷ ಅವರಿಗೆ ಅತಿಶಯವೆನಿಸದು.

ಮರಳಿ ದೋಣಿ ಹತ್ತಿ ದ್ವೀಪದ ಉತ್ತರ ದಂಡೆಯುದ್ದಕ್ಕೂ ಸಾಗಿ, ಕಾಲು ಮೈಲಿಯಷ್ಟು ಒಳಕ್ಕೆ ಹೋಗುವ ಪೇಂಟೆಡ್ ಕೇವ್ ಎಂಬ ಕಡಲಗುಹೆಯ ಬಾಯಿ ನೋಡಿಕೊಂಡು ಸಾಂಟಾ ಬಾರ್ಬರಾ ಕಡೆ, ಅಂದರೆ ಆ ಹೆಸರಿನ ದ್ವೀಪವಲ್ಲ, ತೀರದ ಊರಿನ ಕಡೆ ತಿರುಗಿದೆವು. ಈಗ ಅತ್ತೆಯವರಿಗೆ ಅಧಿಕೃತ ಕೆಲಸವಿತ್ತು. ಕ್ಯಾಪ್ಟನ್ ಇಂಗ್ಲಿಷಿನಲ್ಲಿ ಕೂಗುತ್ತಿದ್ದ, ಅವರು ಕುಂದಾಪುರದ ಕನ್ನಡದಲ್ಲಿ ಓಗೊಡುತ್ತಿದ್ದರು, ಹಗ್ಗ ಸರಿಯಾಗಿ ಬಿಗಿಯಾಗುತ್ತಿತ್ತು. ನಡುವೆ ಇಂಗ್ಲಿಷ್ ಬಲ್ಲ ನಾನು ಭಾಷಾಂತರಕ್ಕೆ ಹೋದಾಗಲೆಲ್ಲ ಹಗ್ಗ ಸಿಕ್ಕಾಗುತ್ತಿತ್ತು.

ಸಾಂಟಾ ಬಾರ್ಬರಾ ಬಂದರಿನ ಬಾಯಲ್ಲಿ ಮರಳಿನ ದಿಬ್ಬ ಕಂಡಿತು. ಮಾವ ಧಡಕ್ಕನೆ ಎದ್ದರು. "ಹೂಳು!"

ಅಲ್ಲಿಗೆ ಅವರು ಮತ್ತೆ ಎಕ್ಸಿಕ್ಯುಟಿವ್ ಎಂಜಿನಿಯರಾದರು. ಆ ಬಂದರಿನ ತಡೆಗೋಡೆಗೆ 1920ರ ದಶಕದಲ್ಲಿ ಹಣ ಕೊಟ್ಟವನು ಈಸ್ಟ್ ಮಾರಿ ಶ್ರೀಮಂತರಾದ ಮನೆತನದ ಮ್ಯಾಕ್ಸ್ ಫ್ಲೈಷ್‌ಮನ್, ತನ್ನ ವಿಹಾರನೌಕೆ ನಿಲ್ಲಿಸಲು ಅವನಿಗೆ ಜಾಗ ಬೇಕಿತ್ತು. ಈ ತೀರದಲ್ಲಿ ಅಲೆಗಳು ಮರಳನ್ನು ಪಶ್ಚಿಮದಿಂದ ಪೂರ್ವಕ್ಕೆ ಎಳೆದುಕೊಂಡು ಹೋಗುತ್ತವೆ. ಗೋಡೆ ಅಡ್ಡ ಬಂದದ್ದೇ ಮರಳು ಅಲ್ಲೇ ನಿಂತು ಬಂದರಿನ ಬಾಯಿಗೆ ತುಂಬಿಕೊಂಡಿತು, ಆಚೆ ಬದಿಯ ಕಡಲತೀರಗಳು ಮರಳಿಲ್ಲದೆ ಕೊರೆದುಹೋದವು. ಅಂದಿನಿಂದ ಹೂಳೆತ್ತುವ ಯಂತ್ರಕ್ಕೆ ಬಿಡುವಿಲ್ಲ. ಎತ್ತಿದ ಮರಳನ್ನು ಕೊಳವೆಯಲ್ಲಿ ಕೆಳಗಿನ ತೀರಕ್ಕೆ ಸಾಗಿಸುತ್ತಾರೆ. ವೆಂಚುರಾ ಬಂದರಿಗೂ ಇದೇ ರೋಗ, ನಾವು ಹೊರಟ ಆಕ್ಸ್‌ನಾರ್ಡ್‌ನ ಬಂದರಿಗೂ ಇದೇ. ಅಲ್ಲಿ ಮರಳು ಹಿಡಿಯಲೆಂದೇ ಒಂದು ಬಲೆ ಕಟ್ಟಿ, ಎರಡು ವರ್ಷಕ್ಕೊಮ್ಮೆ ತೆಗೆದು ಹ್ಯೂನೀಮಿ ತೀರಕ್ಕೆ ಹಾಕುತ್ತಾರೆ.

ಗ್ರ್ಯಾಂಡ್ ಕ್ಯಾನಿಯನ್ ಮುಂದೆ ನಿಂತು "ದೊಡ್ಡ ಕೊರಕಲು" ಎಂದಷ್ಟೇ ಹೇಳಿದ್ದ ಮಾವ, ಸಾಂಟಾ ಬಾರ್ಬರಾದ ಹೂಳಿನ ಮುಂದೆ ಭಾವುಕರಾದರು. ಊರಿನವರೆಲ್ಲ 1872ರ ಸ್ಟರ್ನ್ಸ್ ವಾರ್ಫ್ ಮೇಲೆ ಐಸ್‌ಕ್ರೀಮ್ ತಿನ್ನುತ್ತಿದ್ದರೆ ಅವರು ಬಂದರಿನ ಕೆಲಸಗಾರನೊಬ್ಬನನ್ನು ಹಿಡಿದು ನಿಲ್ಲಿಸಿ, ಘನ ಗಜಕ್ಕೆ ಎಷ್ಟು ಖರ್ಚು, ಟೆಂಡರ್ ಯಾರು ಕರೆಯುತ್ತಾರೆ, ಬಿಲ್ಲು ಮಾಡುವ ಮುನ್ನ ಅಳತೆ ಯಾರು ತೆಗೆಯುತ್ತಾರೆ ಎಂದು ವಿಚಾರಿಸಿದರು. ಆತನೂ ಉತ್ಸಾಹದಿಂದ ಉತ್ತರಿಸಿದ. ಹೂಳಿನ ಬಗ್ಗೆ ಆಸಕ್ತಿಯಿರುವ ಪ್ರವಾಸಿಗ ಅವನಿಗೆ ದಿನಾ ಸಿಗುವವನಲ್ಲ. ಬೀಳ್ಕೊಡುವಾಗ ಆತ ಮಾವನನ್ನು 'ಸರ್' ಎಂದ. ದೋಣಿಗೆ ಮರಳಿದಾಗ ಅವರ ಎತ್ತರ ನಾಲ್ಕು ಬೆರಳು ಹೆಚ್ಚಾಗಿತ್ತು.

ಹಿಂದಿನಿಂದ ಬೀಸುವ ಗಾಳಿಯಲ್ಲಿ ಮರಳುವ ದಾರಿ ಸಲೀಸು. ವೆಂಚುರಾದಲ್ಲಿ ತೊಟ್ಟಿ ಖಾಲಿ ಮಾಡಿಸಲು ನಿಂತದ್ದು ಬಿಟ್ಟರೆ ಹೇಳುವಂಥದ್ದೇನೂ ನಡೆಯಲಿಲ್ಲ. ಅಲ್ಲಿ ನಡೆದದ್ದು ನನ್ನ ಖಾತೆಗೆ ಸೇರಿದ್ದು, ಅದನ್ನು ಬರೆಯದಿರುವುದೇ ಲೇಸು.

ಆಕ್ಸ್‌ನಾರ್ಡ್‌ನಲ್ಲಿ ದೋಣಿ ಕಟ್ಟಿದ ಮೇಲೆ ಕ್ಯಾಪ್ಟನ್ ಒಬ್ಬೊಬ್ಬರ ಕೈ ಕುಲುಕಿ ಒಂದೊಂದು ಮಾತು ಹೇಳಿದ. ಮಗಳಿಗೆ, ಚುಕ್ಕಾಣಿ ನಿನ್ನ ಕೈಯಲ್ಲಿ ಚೆನ್ನಾಗಿ ಕೂರುತ್ತದೆ ಎಂದ. ನನಗೆ, ಇಷ್ಟು ಶುಚಿಯಾಗಿ ಪಂಪು ಮಾಡಿದವರು ಕಡಿಮೆ ಎಂದ. ಅತ್ತೆಯವರಿಗೆ, ಮುಂದಿನ ಬೇಸಿಗೆಯಲ್ಲಿ ಸಿಬ್ಬಂದಿಯಾಗಿ ಬನ್ನಿ, ಬಾಳೆಹಣ್ಣೊಂದು ಬೇಡ ಎಂದ. ಕೊನೆಗೆ ಮಾವನವರ ಕೈ ಹಿಡಿದು, "ಯು ವರ್ ಎ ಗುಡ್ ಪ್ಯಾಸೆಂಜರ್" ಎಂದ.

ಕಾರಿನಲ್ಲಿ ಮಾವ ಮಾತಾಡಲಿಲ್ಲ. ಮನೆ ಹತ್ತಿರ ಬರುವಾಗ ಬಾಯಿಬಿಟ್ಟರು.

"ಸರ್ವೀಸೆಲ್ಲ ನಾನು ಇನ್ನೊಬ್ಬರ ಗೋಪ್ಯ ವರದಿ ಬರೆದವನು. 'ಗುಡ್' ಅಂತ ಬರೆದರೆ ಅವನ ಪ್ರಮೋಷನ್ ನಿಂತ ಹಾಗೇ. 'ವೆರಿ ಗುಡ್' ಆದರೂ ಇರಬೇಕು. ಇದನ್ನು ಹೀಗೇ ಬಿಡೋಕಾಗಲ್ಲ. ಮುಂದಿನ ವರ್ಷ ಇನ್ನೊಂದು ಸಲ ಹೋಗಬೇಕು."

"ನಾನು ಹೇಗೂ ಹೋಪವಳೇ. ನೀವೂ ಬನ್ನಿ" ಎಂದರು ಅತ್ತೆ, ಮುಂದಿನ ಸೀಟಿನಿಂದ ತಿರುಗದೆ. "ವರದಿ ಬರೆಯುವುದು ಮಾತ್ರ ನಾನು."